ಒಂದು ಗೇಣು ಚಾಪೆ

ವವಾವು ದ್ವೀಪ,
ಆಗಸ್ಟ್ 14, ಗುರುವಾರ

ಮೇಲಿರುವ ದೇವರಿಗೆ ತಲೆಬಾಗಿ, ಗದ್ದುಗೆಯ ಅರಸರಿಗೆ ಮಂಡಿಯೂರಿ, ಊರ ಹಿರಿಯರ ಊರುಗೋಲಿಗೂ ಪಾದ್ರಿಗಳ ಕೊರಳಪಟ್ಟಿಗೂ ಅಪ್ಪಣೆ ಬೇಡಿ, ನೆರೆದ ಮಹಾಜನರೇ, ಹೊಸ್ತಿಲಿಗೆ ಅಡ್ಡ ಬಿದ್ದುಕೊಂಡಿರುವ ಟೊಕಿಲುಪೆಯ ಹಂದಿಯೇ, ಚಾಪೆ ಹೆಣೆಯುವ ಹೆಂಗಸರ ಸಂಘದಲ್ಲಿ ಅತಿ ಕಿರಿಯಳೂ ಅತಿ ವಾಚಾಳಿಯೂ ಆದ ಫುಸಿ ಎಂಬ ನಾನು ಎರಡು ಮಾತಾಡಲು ಎದ್ದು ನಿಂತಿದ್ದೇನೆ.

ಸಾಕು ಸಭೆಯ ಪೀಠಿಕೆ. ಪ್ರೀತಿಯ ಲೊಸಲೀನೆ ಅಕ್ಕಾ, ನೀನು ನಕ್ಕದ್ದು ಇಲ್ಲಿಗೇ ಕೇಳಿಸಿತು.

ಮೆಲೆಯಾನಾ, ಅಮ್ಮನಿಗೆ ಗಟ್ಟಿಯಾಗಿ ಓದು ಮಗಳೇ. ಯಾವ ಸಾಲನ್ನೂ ನುಂಗಬೇಡ. ಜೊತೆಗೆ ಬಂದಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ.

ಅಕ್ಕಾ, ನಿನ್ನ ಮಗಳು ಫೋನಿನಲ್ಲಿ ಎಲ್ಲ ಹೇಳಿದಳು. ಅಂಗವಿಕಲರ ಮಾಸಾಶನಕ್ಕೆ ಹಾಕಿದ ಅರ್ಜಿ ವಾಪಸ್ಸು ಬಂತಂತೆ. ‘ದಿನದ ಕೆಲಸಕ್ಕೆ ಪರರ ನೆರವು ಬೇಕಿಲ್ಲ’ ಎಂದು ಬರೆದಿದ್ದಾರಂತೆ. ಇಪ್ಪತ್ತೈದಕ್ಕೆ ಮರುವಿಚಾರಣೆ, ನಿನ್ನನ್ನು ದಿನವೂ ಕಂಡವರ ಹೇಳಿಕೆಯೊಂದು ಬೇಕಂತೆ. ಮಾಸಾಶನ ಬಂದರೆ ನಿನ್ನ ಜೊತೆಗಿರಲು ಒಬ್ಬಳನ್ನು ಗೊತ್ತುಮಾಡಿ ಊರಿಗೆ ಕಳಿಸುತ್ತಾಳಂತೆ. ಬಾರದಿದ್ದರೆ ಇನ್ನು ಮೇಲೆ ರಾಜಧಾನಿಯೇ ನಿನಗೆ ಗತಿ, ಅವಳ ಮನೆಯ ಹಿಂದಿನ ಕೋಣೆಯೇ ನಿನ್ನ ದ್ವೀಪ.

ಅರ್ಜಿಯ ತಪಾಸಣೆಗೆ ಮನೆಗೆ ಬಂದಿದ್ದ ಆ ಅಧಿಕಾರಿ ಹುಡುಗಿಯನ್ನು ಬೈಯಬೇಡ. ಅವಳು ಕಂಡದ್ದನ್ನು ಬರೆದಳು. ತೋರಿಸಿದವರು ನಾವು. ಮನೆಗೆ ಬಂದವರೆದುರು ಬೇನೆ ತೋರಿಸಿ ಗೊತ್ತೇ ನಮಗೆ? ಅವಳು ಬರುವ ಸುದ್ದಿ ಸಿಕ್ಕಿದ್ದೇ ತಡ, ನೀನು ನನ್ನ ಕೈಲಿ ಅಂಗಳ ಗುಡಿಸಿಸಿದೆ, ಪರದೆ ಒಗೆಸಿದೆ. ಹಬ್ಬಕ್ಕೆ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ ತೆಗೆಸಿ ಸುತ್ತಿಕೊಂಡು ಮದುಮಗಳ ಹಾಗೆ ಕೂತೆ.

"ಕಣ್ಣು ಕಾಣ್ಸುತ್ತಾ ಅಮ್ಮಾ?" ಅಂದಳು ಅವಳು.

"ನೋಡ್ಬೇಕಾದ್ದೆಲ್ಲ ನೋಡಾಗಿದೆ ಮಗಳೇ, ನೀನು ಊಟ ಮಾಡು" ಅಂದೆ ನೀನು.

"ಅಡುಗೆ ನೀವೇ ಮಾಡ್ತೀರಾ?"

"ಮತ್ತೆ, ನಿನ್ನ ತಟ್ಟೇಲಿರೋದನ್ನ ಹಂದಿ ಮಾಡ್ತಾ?"

ಆ ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ, ತೆಂಗಿನ ಹಾಲು ಹಿಂಡಿ ಬೇಯಿಸಿದವಳು ನಾನು. ನೀನು ಮಾಡಿದ್ದು ಅಪ್ಪಣೆ.

"ಸ್ನಾನಕ್ಕೆ ಯಾರಾದ್ರೂ ಬೇಕಾ?" ಅಂತ ಅವಳು ಕೇಳಿದರೆ, "ಯಾಕೆ, ವಾಸ್ನೆ ಬರ್ತಿದ್ಯಾ?" ಅಂದೆ ನೀನು. ಪಾಪ, ಹುಡುಗಿ ಪೆನ್ನು ಬೀಳಿಸಿಕೊಂಡಳು. ನೀರು ತರಲು ಎದ್ದ ನೀನು ನೇರ ಹೋಗಿ ಪಾತ್ರೆ ಬೀರುವಿಗೆ ಹಾಯ್ದೆ. "ಯಾರೇ ಇದನ್ನ ಇಲ್ಲಿಟ್ಟೋರು? ಫುಸೀ, ನಿಂಗೆ ಬುದ್ಧಿ ಬೇಡ್ವಾ?" ಅಂತ ನನ್ನ ಮೇಲೆ ಹಾಕಿದೆ. ಆ ಬೀರು ಮೂವತ್ತು ವರ್ಷದಿಂದ ಅಲ್ಲೇ ಇದೆ.

ಕಡೆಗೆ ಸಂಘದಲ್ಲಿ ಹೆಣೆದ ಹೊಸ ಚಾಪೆಯನ್ನು ನೀನೇ ಅವಳ ಮುಂದೆ ಹಾಸಿದೆ. "ಇದು ಕೆಲ್ಸಕ್ಕೆ ಬಾರದ ಕೈಯಾ, ನೀನೇ ಹೇಳು." ಅವಳು ಸವರಿ ಸವರಿ ನೋಡಿದಳು. "ನಮ್ಮಜ್ಜಿಗೂ ಅಂಚು ಇಷ್ಟು ನೇರ ಬರ್ತಿರ್ಲಿಲ್ಲ" ಎಂದು ಏನೋ ಬರೆದುಕೊಂಡಳು. ನಾನು ಬಾಯಿ ತುಂಬ ಕೆಸುವಿನೆಲೆ ತುಂಬಿಕೊಂಡು ಸುಮ್ಮನಿದ್ದೆ. ಹುಟ್ಟಿದ ಮೇಲೆ ಅದೇ ಮೊದಲು.

ಈಗ ಹೇಳಿಕೆ ಬರೆದಿದ್ದೇನೆ, ಲಗತ್ತಿಸಿದೆ. ಸಕ್ಕರೆ ಕಾಯಿಲೆ ನಿನ್ನ ಕಣ್ಣು ತಿಂದು ಬೆರಳಿಗಿಳಿದದ್ದು, ಕುದಿಯುವ ಪಾತ್ರೆ ಹಿಡಿದು ಅಂಗೈ ಬೊಬ್ಬೆ ಎದ್ದರೂ ನಿನಗೆ ಗೊತ್ತಾಗದೆ ಹೋದದ್ದು, ಎಲ್ಲ ಇದೆ. ಮೊದಲು ಹೀಗೆ ಶುರು ಮಾಡಿದ್ದೆ:

ಮಂಜು ಕವಿದದ್ದು ಕಣ್ಣಿಗೆ, ಜೋಮು ಹಿಡಿದದ್ದು ಕೈಗೆ,
ಯಾವ ಬೇನೆ ಬಂದರೂ ಬರಲಿಲ್ಲ ಅಕ್ಕನ ಬಾಯಿಗೆ.

ನಮ್ಮ ಸಂಘದ ಟೊಕಿಲುಪೆ ಓದಿ, "ಇದನ್ನ ಸರ್ಕಾರಕ್ಕೆ ಕಳಿಸ್ತೀಯೇನೇ? ತಲೆ ಕೆಟ್ಟಿದೆ ಅಂತ ಮಾಸಾಶನ ನಿಂಗೇ ಕೊಡ್ತಾರೆ ನೋಡು" ಎಂದು ಹರಿದು ಹಾಕಿದಳು. ಎರಡನೆಯದು ಪ್ರಾಸವಿಲ್ಲದ್ದು, ನಿಜವಾದದ್ದು. ಅದರ ಎರಡನೇ ಪುಟದಲ್ಲಿ ಒಂದು ವಿಷಯವಿದೆ. ಅಧಿಕಾರಿ ಓದುವ ಮೊದಲು ನೀನು ನನ್ನಿಂದ ಕೇಳಬೇಕು. ಎದುರು ನಿಂತು ಹೇಳುವ ಧೈರ್ಯ ಹದಿನಾಲ್ಕು ತಿಂಗಳಾದರೂ ಬರಲಿಲ್ಲ, ಅದಕ್ಕೇ ಈ ಕಾಗದ.

ಇಪ್ಪತ್ತೈದರಂದು ಒಂದು ಉಪಕಾರ ಮಾಡು. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೀನಿ ಅನ್ನಬೇಡ. ಮೆಲೆಯಾನಾಳ ಕೈ ಹಿಡಿದುಕೊಂಡೇ ಒಳಗೆ ಹೋಗು. ದಿನಾ ಹಿಡಿಯುವ ಕೈ ಆ ದಿನ ಮಾತ್ರ ಯಾಕೆ ಬಿಡುತ್ತೀ? ಮತ್ತೆ, ಅವರಿಗೆ ಊಟ ಕಟ್ಟಿಕೊಂಡು ಹೋಗಬೇಡ ಮಾರಾಯ್ತಿ.

ಇಲ್ಲಿ ಸಂಘದ ಮನೆಯಲ್ಲಿ ಕಂಬದ ಪಕ್ಕದ ನಿನ್ನ ಜಾಗದಲ್ಲಿ ಯಾರೂ ಕೂತಿಲ್ಲ. ಚಾಪೆ ಹೆಣೆಯುವ ಕೇದಗೆಯ ಎಲೆ ಒಣಗಿದ್ದು ಸಾಕೋ ಇನ್ನೂ ಬೇಕೋ ಎಂದು ಮೂಸಿ ಹೇಳುವವರಿಲ್ಲ. ಹಾಡು ಎತ್ತಿಕೊಡುವವರೂ ಇಲ್ಲ. ಮೊನ್ನೆ ಟೊಕಿಲುಪೆ ಎತ್ತಿದಳು, ಅವಳದೇ ಹಂದಿ ಎದ್ದು ಹೋಯಿತು. ಮೂಸುವುದಕ್ಕೂ ಹಾಡುವುದಕ್ಕೂ ಕಣ್ಣು ಬೇಡ, ಬೆರಳೂ ಬೇಡ. ಮಾಸಾಶನ ಪಡೆದವರು ಹಾಡಬಾರದೆಂದು ಅರ್ಜಿಯಲ್ಲಿ ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿದ್ದೇನೆ. ನಿನ್ನ ಜಾಗ ನಿನ್ನದೇ.

ನಿನ್ನ ಬೈಗುಳವಿಲ್ಲದೆ ಸೊರಗಿರುವ,
ಫುಸಿ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಮುಂದೂಡಿದ್ದು. ಮೆಲೆಯಾನಾ, ಈಗ ಪೊಟ್ಟಣ ಬಿಚ್ಚು. ಒಂದು ಗೇಣು ಚಾಪೆಯಿದೆ. ಅಮ್ಮ ಊರು ಬಿಡುವ ಮುಂಚಿನ ಎರಡು ದಿನ ಹೆಣೆದದ್ದು. ಎಳೆ ತಪ್ಪಿದೆ, ಅಂಚು ಹಾವಿನ ಹಾಗೆ ಓಡಿದೆ. ಅಧಿಕಾರಿಯ ಮುಂದೆ ಅದನ್ನೇ ಇಡು. ಅಕ್ಕಾ, ಅದೊಂದನ್ನು ಬಿಚ್ಚಲು ನನಗೆ ಕೈ ಬರಲಿಲ್ಲ. ಮುಂದಿನದನ್ನು ಕೇಳಿ ಬೈಯುವುದಿದ್ದರೆ ಊರಿಗೇ ಬಂದು ಬೈಯಿ, ಎದುರಿಗೆ ಕೂತು ಕೇಳುತ್ತೇನೆ. ಹದಿನಾಲ್ಕು ತಿಂಗಳು, ನೀನು ಮಧ್ಯಾಹ್ನ ಮನೆಗೆ ಹೋದ ಮೇಲೆ, ನೀನು ಹೆಣೆದದ್ದನ್ನೆಲ್ಲ ನಾನು ಬಿಚ್ಚಿ ಮತ್ತೆ ಹೆಣೆದೆ. ಆ ಹುಡುಗಿ ಸವರಿ ಮೆಚ್ಚಿದ ಚಾಪೆ ನನ್ನದು.