ಕೂ ಹಾಕಬಾರದ ಕೆರೆ

ಕೆರೆಕೊಪ್ಪ, ಮೂಡಿಗೆರೆ ತಾಲ್ಲೂಕು
೯ ಫೆಬ್ರವರಿ ೨೦೨೫

ಪ್ರೀತಿಯ ರೇವತಿ,

ನೀನೂ ಮಗಳು ಧನ್ಯಾಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈಯಿ. ಫೋನಿನಲ್ಲಿ ಹೇಳೋಣವೆಂದರೆ ನಮ್ಮನೆಯವರು ಪಕ್ಕದಲ್ಲೇ ಮಲಗಿರುತ್ತಾರೆ. ಕಾಲಿಗೆ ರಾಡ್ ಹಾಕಿದ್ದಾರೆ, ಎದ್ದು ಓಡಾಡಲು ಇನ್ನೂ ಮೂರು ತಿಂಗಳು ಬೇಕಂತೆ.

ನಮ್ಮೂರನ್ನು ಈಗ ನೋಡಿದರೆ ನಿನಗೆ ನಗು ಬರುತ್ತದೆ. ಕೆರೆಯ ಸುತ್ತ 'ಸುಸ್ಥಿರ ವೆಲ್‌ನೆಸ್ ಪ್ರವಾಸೋದ್ಯಮ'ವಂತೆ. ಪ್ಲಾಸ್ಟಿಕ್ ಬಳಸಬೇಡಿ ಎಂದು ಹೇಳಲು ಹನ್ನೆರಡು ಅಡಿಯ ಪ್ಲಾಸ್ಟಿಕ್ ಫ್ಲೆಕ್ಸ್ ಕಟ್ಟಿದ್ದಾರೆ. ನಾವು ಜ್ವರ ಬಂದಾಗ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದ ಅಮೃತಬಳ್ಳಿ ಕಷಾಯವನ್ನು ಜನ ದೂರದಿಂದ ಬಂದು ಚಪ್ಪರಿಸುತ್ತಾರೆ. ಅದೆಲ್ಲ ಹಾಳಾಗಿ ಹೋಗಲಿ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅತಿಥಿಗಳು ದಂಡೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ, ಆಗ ಊರಿನವರು ಯಾರೂ ಸದ್ದು ಮಾಡಬಾರದು. ಬಟ್ಟೆ ಒಗೆಯುವುದೂ ಒಂಬತ್ತರ ಮೇಲೆ.

ಮರೆವು ಶುರುವಾದ ಮೇಲೂ ಇವರು ಬೆಳಿಗ್ಗೆ ಕೆರೆ ಸುತ್ತುವುದನ್ನು ಬಿಟ್ಟಿರಲಿಲ್ಲ. ದಾರಿ ತಪ್ಪಿ ಆಚೆ ದಡದ ಕಾಫಿ ತೋಟದ ಕಡೆ ತಿರುಗಿದರೆ ನಾನು ಕೆರೆಯ ಮೆಟ್ಟಿಲ ಮೇಲೆ ನಿಂತು ಉದ್ದಕ್ಕೆ ಒಂದು ಕೂ ಹಾಕುತ್ತಿದ್ದೆ. ನನ್ನ ಹೆಸರು ಮರೆತರೂ ಆ ಕೂ ಮರೆತಿರಲಿಲ್ಲ, ಕೇಳಿದ ಕೂಡಲೇ ಸೀದಾ ಮನೆಗೆ ಬರುತ್ತಿದ್ದರು. ಇದನ್ನು ಪ್ರವಾಸೋದ್ಯಮ ಸಮಿತಿಯ ಸಭೆಗೆ ಹೋಗಿ ಅಧ್ಯಕ್ಷ ಚಂದ್ರಶೇಖರಪ್ಪನವರಿಗೆ ಬಿಡಿಸಿ ಹೇಳಿದೆ.

"ನಾಗಶ್ರೀಯಮ್ಮ, ನೀವು ಓದಿದವ್ರು. ತೋಟದಲ್ಲಿ ಆಳ್ ಕರ್ದಂಗೆ ಕೂಗಿದ್ರೆ ಗೆಸ್ಟ್‌ಗಳು ಏನ್ ಅನ್ಕೋತಾರೆ? ಒಂದು ಫೋನ್ ಮಾಡಿ ಸಾಕು," ಅಂದರು.

"ಫೋನ್ ಎತ್ತೋದೂ ಮರ್ತೋಗಿದೆ ಅವ್ರಿಗೆ," ಅಂದೆ.

"ಮೂರೇ ಗಂಟೆ ಅಲ್ವಾ? ಊರು ಉದ್ಧಾರ ಆಗ್ಲಿ ಬಿಡಿ."

ಕೂತಿದ್ದವರೆಲ್ಲ ನಕ್ಕರು. ನಾನು ಎದ್ದು ಬಂದೆ.

ಆಮೇಲಿನದನ್ನು ನೀನು ಕೇಳಿದ್ದೀಯ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹೋದವರು ಸಂಜೆಯಾದರೂ ಬರಲಿಲ್ಲ. ಮರುದಿನ ತೋಟದ ಗುಂಡಿಯೊಂದರಲ್ಲಿ ಕಾಲು ಮುರಿದುಕೊಂಡು, ಚಳಿಗೆ ಸೆಟೆದು ಬಿದ್ದಿದ್ದರು. ಚಂದ್ರಶೇಖರಪ್ಪನವರು ಸೇಬು ತಂದುಕೊಟ್ಟು, ಅಲ್ಲಿಗೆ ಬೇಲಿ ಹಾಕಿಸುತ್ತೇವೆ ಅಂದರು. ಆ ನಿಯಮ ತೆಗೆಯಿರಿ ಎಂದು ಪಂಚಾಯಿತಿಗೆ ಎರಡು ಅರ್ಜಿ ಬರೆದೆ, ಉತ್ತರವಿಲ್ಲ. ಪಕ್ಕದ ಮನೆಯ ಮುದ್ದಮ್ಮ ಮಾತ್ರ ದಿನಾ ಬಂದು, "ನೀನು ನೋಡಿದ್ರೆ ಹೋಗಕ್ ಬಿಡ್ತಿದ್ಯಾ ಮಾರಾಯ್ತಿ? ಸುಮ್ನೆ ಕೊರಗ್ಬೇಡ," ಅನ್ನುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಧನ್ಯಾಳಿಗೆ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ನೂರು ಕಾಲ ಸುಖವಾಗಿರಲಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ನಾಗು

ತಾ.ಕ.: ನಾನು ನೋಡಲಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ನೋಡಿದ್ದೆ, ರೇವತಿ. ಮೆಟ್ಟಿಲ ಮೇಲೇ ನಿಂತಿದ್ದೆ, ಇವರು ತೋಟದ ಕಡೆ ತಿರುಗಿದ್ದು ಕಂಡಿತು. ಕೆಳಗೆ ಇಪ್ಪತ್ತು ಜನ ಕಣ್ಣು ಮುಚ್ಚಿ ಕೂತಿದ್ದರು. ಕೂ ಹಾಕಲು ಬಾಯಿ ತೆರೆದೆ, ನಾಚಿಕೆಯಾಯಿತು. ಒಂಬತ್ತಾಗಲಿ ಅಂತ ಕಾದೆ.