ಮುರಿದ ಬೋಲ್ಟಿನ ವಿಷಯ

ತಮ್ಮಾ,

ಕಾರು ಸ್ಟಾರ್ಟ್ ಮಾಡ್ಬೇಡ. ಒಂದು ಕೀಲಿ ನನ್ನ ಹತ್ತಿರ ಇದೆ. ಇನ್ನೊಂದು ನಿನ್ನ ಜೇಬಲ್ಲಿದ್ರೂ ಮಾಡ್ಬೇಡ.

ಬೆಳಿಗ್ಗೆ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿದ್ರು. ನೀನು ಹಾಕಿದ ಹೊಸ ಹೆಡರ್ ಪೈಪನ್ನ, ಅದೇ ಹೊಗೆ ಹೊರಗೆ ಬಿಡೋ ಪೈಪನ್ನ, ಇಂಜಿನ್ನಿಗೆ ಬಿಗಿಯೋ ಬೋಲ್ಟು ಒಂದು ಮುರಿದು ಒಳಗೇ ಕೂತಿದೆ. ಅದರ ಮೇಲೆ ಪೇಸ್ಟ್ ಮೆತ್ತಿ ಸುಮ್ಮನಾಗಿದ್ದೀಯ. ಪೈಪು ಬಿಗಿಯಾಗಿ ಕೂರದೆ ಉಳಿದ ಸಂದಿಯಿಂದ ಹೊಗೆ ಸೀದಾ ಕಾರಿನೊಳಗೆ ಬರ್ತಿತ್ತು. ನಿನ್ನೆ ನಾನು ಕಾರು ಓಡಿಸ್ತಿದ್ದಾಗ ಅಮ್ಮ ಮಾತಾಡ್ತಾ ಮಾತಾಡ್ತಾ ಕುತ್ತಿಗೆ ಚೆಲ್ಲಿದ್ದು ಬಿಸಿಲಿಗಲ್ಲ. ನನಗೂ ಕಣ್ಣು ಕತ್ತಲೆ ಬರ್ತಿತ್ತು, ಹೇಗೋ ಪಕ್ಕಕ್ಕೆ ನಿಲ್ಲಿಸಿದೆ.

ವಾಸನೆ ಬರ್ತಿದೆ ಅಂತ ಮೊನ್ನೆಯೇ ಹೇಳಿದ್ದೆ. "ಹೊಸ ಪೈಪು ಅಕ್ಕಾ, ನಾಲ್ಕು ದಿನ ಓಡಿದ್ರೆ ಹೋಗತ್ತೆ" ಅಂದೆ ನೀನು, ನನ್ನ ಮುಖ ನೋಡದೆ.

ಹಳೇ ಪೈಪು ಮೆಟ್ಟಿಲ ಕೆಳಗಿದೆ. ಮೆಕ್ಯಾನಿಕ್ ನಾಳೆ ಬಂದು ಮುರಿದ ಬೋಲ್ಟು ತೆಗೆದು ಹಳೇ ಪೈಪನ್ನೇ ವಾಪಸ್ ಹಾಕ್ತಾರೆ. ಪಕ್ಕದಲ್ಲಿ ನಿಂತು ಸ್ಪ್ಯಾನರ್ ಎತ್ಕೊಡು, ಬುದ್ಧಿ ಹೇಳೋಕೆ ಹೋಗ್ಬೇಡ. ನಿನ್ನ ಬೆರಳಿನ ಗಾಯಕ್ಕೆ ಮುಲಾಮು ಕನ್ನಡಿ ಹಿಂದೆ ಇದೆ. ಹಾಲು ಕಾಯಿಸಿಲ್ಲ.

ಅಮ್ಮ ಈಗ ಹುಷಾರಾಗಿದ್ದಾಳೆ. ಆಸ್ಪತ್ರೆಯಿಂದ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ಕಾರಿನ ಕಿಟಕಿ ಯಾಕೆ ಮುಚ್ಚಿಸಿದ್ರಿ ಅಂತ ಡಾಕ್ಟರು ಕೇಳಿದ್ರೆ, "ಗಾಳಿಗೆ ಹೊಸ ಪೈಪಿನ ಸದ್ದು ಕೇಳ್ತಿರಲಿಲ್ಲ. ಅದು ನನ್ನ ಮಗ ತಾನೇ ಕೂರಿಸಿದ ಪೈಪು" ಅಂದಳು.

ಬೋಲ್ಟಿನ ವಿಷಯ ಅವಳಿಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಅವಳ ಎದುರು ಕೂತು ನೀನೇ ಹೇಳ್ಬೇಕು. ಅಲ್ಲಿವರೆಗೆ ನನಗೆ ಫೋನ್ ಮಾಡ್ಬೇಡ.

ಅಕ್ಕ