ಹಗಲು ಪಾಳಿಯ ಕರೆಂಟು

೭ ಜನವರಿ, ಬುಧವಾರ

ಬೆಳಿಗ್ಗೆ ಡ್ರೈವರ್ ಕೆಂಚೇಶನಿಗೆ ಅಂದ ಮಾತು ಇನ್ನೂ ಕೊರೆಯುತ್ತಿದೆ. ಚಳಿಗೆ ಹಳೇ ಲಾರಿ ಸ್ಟಾರ್ಟ್ ಆಗಲಿಲ್ಲ. ಗೋವಿನಕೋವಿ ಊರಿನ ಮೆಕ್ಕೆಜೋಳದ ಲೋಡು ಎರಡು ತಾಸು ತಡ. ಹಮಾಲರ ಮುಂದೆಯೇ, "ಹೀಟರ್ ಸ್ವಿಚ್ ಹಾಕಾಕೂ ಎದ್ದಿಲ್ಲ. ನೀನು ಡ್ರೈವರ್ರೋ, ನಿದ್ದೆ ಗುತ್ತಿಗೆದಾರನೋ?" ಅಂದೆ. ಅವರು ನಕ್ಕರು. ಅವನು ಬಾನೆಟ್ಟಿನೊಳಗೆ ಬಗ್ಗಿದ.

ಎಂಜಿನ್ ಬೆಚ್ಚಗಿಡುವ ಆ ಹೀಟರ್ ತಂದವನು ನಾನು. ಪಂಪ್‌ಸೆಟ್ಟಿನ ಲೈನಿಗೆ ಅದನ್ನು ಜೋಡಿಸಿದ ಜಾಣನೂ ನಾನೇ. ಆ ಲೈನಿಗೆ ಒಂದು ವಾರ ರಾತ್ರಿ ಕರೆಂಟು, ಮರುವಾರ ಹಗಲು. ಸೋಮವಾರದಿಂದ ಹಗಲು ಪಾಳಿ; ನಸುಕಿನಲ್ಲಿ ಹೀಟರ್‌ಗೆ ಕರೆಂಟೇ ಇಲ್ಲ. ಸಂಜೆ ಮೋಟರ್ ಆಫ್ ಮಾಡಲು ಹೋದಾಗಲೇ ಹೊಳೆದದ್ದು.

ಹಾಗಾದರೆ ನಿನ್ನೆ ಮೊನ್ನೆ ಲಾರಿ ಹೇಗೆ ಹೊರಟಿತು? ಅವನ ಮನೆಗೇ ಹೋದೆ. ಹೆಂಡತಿ ಪುಷ್ಪಾ ಹೇಳಿದಳು: "ನಾಲ್ಕಕ್ಕೇ ಎದ್ದು ಹಂಡೆ ನೀರು ಕಾಯಿಸಿ ರೇಡಿಯೇಟರ್‌ಗೆ ಹುಯ್ತಿದ್ರು ರೀ. ಇವತ್ತು ಮಗೀಗೆ ಜ್ವರ, ಆಗ್ಲಿಲ್ಲ. ನಿಮಗೆ ಒಂದ್ ಮಾತು ಹೇಳ್ರಿ ಅಂತ ಇವರಿಗೆ ಅಂದೆ. ನೀವು ಹೀಟರ್ ವಿಷ್ಯ ಊರೆಲ್ಲ ಹೇಳ್ಕೊಂಡೀರಿ, ನಿಮಗೆ ಅವಮಾನ ಆಗ್ತೈತೆ, ಬ್ಯಾಡ ಅಂದ್ರು."

ಕೆಂಚೇಶ ಒಳಗಿಂದ ಬಂದು ಲಾರಿಯ ಕೀ ನನ್ನ ಕೈಗಿಟ್ಟ. "ನಾಳೆಯಿಂದ ಬ್ಯಾರೆಯವರನ್ನ ನೋಡ್ಕೊಳ್ರಿ."

ಮಾತಿನಿಂದಲೇ ಮೇಲೆ ಬಂದವನು ನಾನು. ಅವನ ಬಾಗಿಲಲ್ಲಿ "ತಪ್ಪಾಯ್ತು" ಎಂಬ ಒಂದು ಮಾತು ಬರಲಿಲ್ಲ. ಬಂದಿದ್ದರೂ ಅಲ್ಲಿ ಮೆಲ್ಲಗೆ ಹೇಳಿ ಮುಗಿಸುವಂಥದ್ದಲ್ಲ ಅದು. ನಕ್ಕವರ ಎದುರಿಗೇ ಹೇಳಬೇಕು. ಹಮಾಲರು ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಐದಕ್ಕೇ ಅವನ ಮನೆಗೆ ಹೋಗಿ, ಮೊದಲು ಮಗುವಿನ ಜ್ವರ ಕೇಳಿ, ಆಮೇಲೆ ಹಮಾಲರ ಹತ್ತಿರ ಒಂದು ಗಳಿಗೆ ಬಾ ಎಂದು ಕರೆದರೆ, ಬಂದಾನೋ ಏನೋ.